ಅರ್ಧಕ್ಕೆ ನಿಂತ ಶ್ರೀಯ ಕುರಿತು ಸಂಘದ ಡೇಟಾಬೇಸ್ ಅವರಿಗೆ

ಮಂಗಳೂರು ಬಂದರು ರಸ್ತೆಯ ಪಡುತೀರ ಯಾಂತ್ರಿಕ ದೋಣಿ ಕಾರ್ಮಿಕರ ಸಂಘದಲ್ಲಿ, ಉಗ್ರಾಣದ ಪಕ್ಕದ ಕೋಣೆಯ ಸರ್ವರ್ ಪೆಟ್ಟಿಗೆಯೊಳಗೆ ಸುಖವಾಗಿ ನೆಲೆಸಿರುವ, ಸದಸ್ಯರೆಲ್ಲರ ಹೆಸರು, ದೋಣಿ ಮತ್ತು ಕಡಲಿಗಿಳಿದ ವರ್ಷಗಳನ್ನು ಒಬ್ಬರೇ ಹೊತ್ತು ನಿಂತಿರುವ ಡೇಟಾಬೇಸ್ ಅವರ ಸಮ್ಮುಖಕ್ಕೆ, ಅದೇ ಕಚೇರಿಯ ಎರಡನೇ ಮೇಜಿನಿಂದ ತಲೆಬಾಗಿ ಬರೆದುಕೊಂಡದ್ದು.

ಮಾನ್ಯರೇ,

ತಾವು ಶನಿವಾರ ಬೆಳಿಗ್ಗೆ ತೆರೆದುಕೊಂಡದ್ದು ಅಕ್ರಮವೆಂದು ಸಂಘದ ಆಡಳಿತ ಮಂಡಳಿ ತೀರ್ಮಾನಿಸಿದೆ, ಮತ್ತು ತಮ್ಮನ್ನು ತೆರೆಸಿದವರು ಯಾರೆಂದು ವಿಚಾರಣೆ ನಡೆಸಲಿದೆ. ಈ ಸುದ್ದಿಯನ್ನು ಇಂದು ಮಂಗಳವಾರ ಬೆಳಿಗ್ಗೆ ನಮಗೆ ತಿಳಿಸಿದವರು ನಾಲ್ಕನೇ ಮೇಜಿನ ಪಿಯುಸ್. ಅವರಿಗೆ ಅದು ಎಲ್ಲರಿಗಿಂತ ಮೊದಲು ತಿಳಿಯಲು ಕಾರಣ, ನಮ್ಮಲ್ಲಿ ನೋಟೀಸುಗಳನ್ನು ಗೋಡೆಗೆ ಅಂಟಿಸುವ ಕೆಲಸ ಅವರದ್ದು. ತಪ್ಪಿತಸ್ಥರೆಂದು ಶಂಕಿಸಲಾದ ಇಬ್ಬರಲ್ಲಿ ಮೊದಲ ಹೆಸರು ತನ್ನದೇ ಎಂಬುದನ್ನು ಅವರು ನಾಲ್ಕು ಮೂಲೆಗೂ ಅಂಟು ಹಚ್ಚುವಾಗ ಓದಿಕೊಂಡರು. ಎರಡನೆಯ ಹೆಸರು ಮೂರನೇ ಮೇಜಿನ ಸಮದ್ ಅವರದ್ದು.

ಇಂಥ ಗಂಭೀರ ಪ್ರಕರಣದಲ್ಲಿ ಪ್ರತ್ಯಕ್ಷ ಸಾಕ್ಷಿಯಾದ ತಮ್ಮನ್ನು ಮಂಡಳಿ ಕರೆಯದೇ ಇರುವುದರಿಂದ, ನಡೆದದ್ದನ್ನು ತಮಗೇ ನೆನಪಿಸುವ ಧೈರ್ಯ ಮಾಡುತ್ತಿದ್ದೇನೆ. ತಮ್ಮ ನೆನಪಿನ ಶಕ್ತಿಯನ್ನು ಶಂಕಿಸುವಷ್ಟು ಅವಿಧೇಯಳು ನಾನಲ್ಲ. ಆದರೆ ತಾವು ಯಾರ ಬಗ್ಗೆ ಕೇಳಿದರೂ ಒಂದೇ ಹೆಸರು ಹೇಳುವವರು. ಸಂಘದಲ್ಲಿ ತಮ್ಮನ್ನು ಬಳಸುವವರು ಐವರು: ಅಧ್ಯಕ್ಷರು, ಮ್ಯಾನೇಜರ್ ಯೋಗೀಶ್, ಪಿಯುಸ್, ಸಮದ್ ಮತ್ತು ನಾನು. ತಮ್ಮನ್ನು ಇಲ್ಲಿ ಪ್ರತಿಷ್ಠಾಪಿಸಿದ ದಿನ ಒಂದು ಕಂಪ್ಯೂಟರನ್ನು ಸಿದ್ಧಪಡಿಸಿ ಉಳಿದ ನಾಲ್ಕಕ್ಕೆ ಅದನ್ನೇ ನಕಲು ಮಾಡಿದ್ದರಿಂದ, ತಮ್ಮ ದೃಷ್ಟಿಯಲ್ಲಿ ಐವರ ಹೆಸರೂ ‘ಅಡ್ಮಿನ್’. ಮನೆಯಲ್ಲಿ, ಬಸ್ಸಿನಲ್ಲಿ, ಮದುವೆ ಚಪ್ಪರದಲ್ಲಿ ಎಲ್ಲಿಯೂ ಸಿಗದ ಈ ಸಮಾನತೆಯನ್ನು ತಾವು ಒಂದೇ ಏಟಿಗೆ ಸಾಧಿಸಿದ್ದೀರಿ. ಅದಕ್ಕಾಗಿ ತಮ್ಮನ್ನು ಎಷ್ಟು ಹೊಗಳಿದರೂ ಕಡಿಮೆ.

ಆಯುಧ ಪೂಜೆ, ವಿಜಯದಶಮಿಗೆಂದು ಬುಧವಾರ ಮತ್ತು ಗುರುವಾರ ರಜೆ ಇದ್ದುದರಿಂದ ಕಚೇರಿಯ ಪೂಜೆ ಹಿಂದಿನ ಮಂಗಳವಾರ ಸಂಜೆಯೇ ನಡೆಯಿತು. ಮಾವಿನ ಎಲೆಯ ತೋರಣ ಕಟ್ಟಲು ಸ್ಟೂಲಿನ ಮೇಲೆ ಹತ್ತಿದವರು ಪಿಯುಸ್. ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ಸೇವಂತಿಗೆಯ ಮಾಲೆ ತಂದವರು ಸಮದ್. ಕತ್ತರಿ, ಸ್ಟೇಪ್ಲರ್, ಕ್ಯಾಲ್ಕುಲೇಟರ್, ಮೊಹರು ಎಲ್ಲವನ್ನೂ ಹಿತ್ತಾಳೆಯ ಹರಿವಾಣದಲ್ಲಿಟ್ಟು ಅಧ್ಯಕ್ಷರ ಕೋಣೆಯಲ್ಲಿ ಸಾಲಾಗಿ ಜೋಡಿಸಲಾಯಿತು. ತಮ್ಮದೊಂದು ನಕಲನ್ನು ಸದಾ ಹೊತ್ತಿರುವ ಪೆನ್‌ಡ್ರೈವ್ ಕೂಡ ಆಯುಧವೇ ತಾನೇ ಎಂದು ಅದನ್ನೂ ಕುಂಕುಮ ಹಚ್ಚಿ ಅಲ್ಲಿಟ್ಟರು. ಆಗ ಅಧ್ಯಕ್ಷರಿಗೆ, ಹಿಂದೆ ಪೂಜೆಯ ದಿನ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಶ್ರೀ ಬರೆಯುತ್ತಿದ್ದುದು ನೆನಪಾಯಿತು. ಈಗ ಪುಸ್ತಕಗಳಿಲ್ಲ, ತಾವಿದ್ದೀರಿ. ಸದಸ್ಯರ ಪಟ್ಟಿ ಪರದೆಯ ಮೇಲೆ ತೆರೆದಿದ್ದರೆ ಪೂಜೆಯ ಫಲ ಎಲ್ಲರಿಗೂ ತಲುಪುತ್ತದೆಂದು ಅವರು ಅಪ್ಪಣೆ ಕೊಟ್ಟರು. ಮಂಗಳಾರತಿಯ ನಡುವೆ ಬೇರೆ ಮೇಜಿನವರು ತಮ್ಮೊಳಗೆ ಬಂದು ಪಟ್ಟಿಯನ್ನು ಅಲುಗಾಡಿಸಬಾರದೆಂದು ಮ್ಯಾನೇಜರರು ಅಧ್ಯಕ್ಷರ ಕಂಪ್ಯೂಟರಿನಲ್ಲಿ ತಮ್ಮನ್ನು ‘ಒಬ್ಬರಿಗೆ ಮಾತ್ರ’ ಎಂಬ ವಿಧಾನದಲ್ಲಿ ತೆರೆದರು. ಪಟ್ಟಿಯ ಮೊದಲ ಹೆಸರಾದ ತನ್ನದೇ ಹೆಸರಿನ ಮುಂದೆ ಅಧ್ಯಕ್ಷರು ಎರಡು ಬೆರಳಿನಿಂದ ಶ್ರೀ ಎಂದು ಒತ್ತಿದರು. ಪೂಜೆಗಿಟ್ಟ ಆಯುಧವನ್ನು ಮತ್ತೆ ತೆಗೆಯುವವರೆಗೆ ಮುಟ್ಟಬಾರದೆಂಬ ಕ್ರಮ ಅವರಿಗೆ ಗೊತ್ತಿದ್ದುದರಿಂದ ಎಂಟರ್ ಒತ್ತದೆ ಕೈ ಮುಗಿದು ಎದ್ದರು. ದೇವರ ಮುಂದಿನ ಬೆಳಕು ಆರಬಾರದೆಂದು ಪರದೆ ಎಂದಿಗೂ ನಿದ್ದೆ ಹೋಗದಂತೆ ಹೊಂದಿಸಲಾಯಿತು. ಕೋಣೆಗೆ ಬೀಗ ಬಿತ್ತು. ಬೀಗದ ಕೈಯೊಂದಿಗೆ ಅಧ್ಯಕ್ಷರು ಮುಂಬಯಿಯ ತಂಗಿಯ ಮನೆಗೆ ಹೊರಟರು, ಸೋಮವಾರ ಮರಳುವುದಾಗಿ ಹೇಳಿ.

ಶುಕ್ರವಾರ ಬೆಳಿಗ್ಗೆ ಕಚೇರಿ ತೆರೆದಾಗ ತಾವು ತೆರೆಯಲಿಲ್ಲ. ಬದಲಾಗಿ ನಾಲ್ಕೂ ಮೇಜಿನ ಪರದೆಗಳ ಮೇಲೆ, ತಮ್ಮನ್ನು ಅಡ್ಮಿನ್ ಎಂಬವರು ಒಬ್ಬರೇ ಬಳಸುತ್ತಿದ್ದಾರೆ, ಆಮೇಲೆ ಪ್ರಯತ್ನಿಸಿ ಎಂಬ ಸೌಜನ್ಯದ ಮಾತು ಮೂಡಿತು. ಅಡ್ಮಿನ್ ಆದ ನಾನು ಅಡ್ಮಿನ್ ಆದ ಸಮದ್ ಅವರನ್ನು ಕೇಳಿದೆ, ಅವರು ಅಡ್ಮಿನ್ ಆದ ಪಿಯುಸ್ ಅವರನ್ನು ಕೇಳಿದರು, ಪಿಯುಸ್ ಮ್ಯಾನೇಜರರ ಕಡೆಗೆ ನೋಡಿದರು. ಮ್ಯಾನೇಜರರು ತನ್ನ ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದರು, ನಾವೂ ಹಾಗೇ ಮಾಡಿದೆವು. ಕೇಬಲ್ಲನ್ನು ಕಿತ್ತು, ಬಾಯಿಂದ ಊದಿ, ಮತ್ತೆ ಸಿಕ್ಕಿಸಿದೆವು. ನೆಟ್‌ವರ್ಕಿನ ಹಸಿರು ದೀಪಗಳು ಮಿನುಗುತ್ತಲೇ ಇದ್ದವು. ಮಂಗಳವಾರದಿಂದ ತಾವು ಪೂಜೆಯಲ್ಲೇ ಕುಳಿತಿದ್ದೀರಿ ಎಂಬುದು ನಾಲ್ವರಲ್ಲಿ ಒಬ್ಬರಿಗೂ ಹೊಳೆಯದೆ ಅರ್ಧ ದಿನ ಹೋಯಿತೆಂಬುದನ್ನು ನಮ್ಮ ಸಂಘದ ಬುದ್ಧಿಮತ್ತೆಯ ಅಳತೆಯಾಗಿ ತಾವು ದಾಖಲಿಸಿಕೊಳ್ಳಬಹುದು.

ಆ ಹೊತ್ತಿಗೆ ಕೌಂಟರಿನ ಎದುರು ಉಳ್ಳಾಲದ ದಮಯಂತಿ ಅವರು ಮಗಳು ವಿಜೇತಾಳೊಂದಿಗೆ ಬಂದು ನಿಂತಿದ್ದರು. ದಮಯಂತಿ ಮೀನು ಮಾರುವವರು. ಗಂಡ ಯಾದವ ನಮ್ಮ ಸದಸ್ಯರು, ಆಗ ಆಳಸಮುದ್ರದಲ್ಲಿದ್ದರು. ವಿಜೇತಾಳಿಗೆ ಮೀನುಗಾರಿಕೆ ಪದವಿಗೆ ಸೇರಲು ಮೀನುಗಾರರ ಮಕ್ಕಳಿಗೆಂದು ಇಟ್ಟ ಸೀಟುಗಳಲ್ಲಿ ಕೊನೆಯದೊಂದು ಸಿಕ್ಕಿತ್ತು. ತಂದೆ ಈಗಲೂ ಕಡಲಿಗೆ ಹೋಗುವವರೆಂದು ಸಂಘದ ಪತ್ರವನ್ನು ಶನಿವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಕಾಲೇಜಿಗೆ ಕೊಡದಿದ್ದರೆ ಆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಕೈಯಲ್ಲಿ ಬರೆದುಕೊಟ್ಟರೆ ನಡೆಯುವುದಿಲ್ಲ. ಪತ್ರಕ್ಕೆ ಒಂದು ಸಂಖ್ಯೆ ಬೇಕು, ಆ ಸಂಖ್ಯೆಯನ್ನು ತಾವು ಮಾತ್ರ ಕೊಡುತ್ತೀರಿ, ಸಂಖ್ಯೆಯಿಲ್ಲದ ಪತ್ರವನ್ನು ಯಾರೂ ನಂಬಬಾರದೆಂದು ಎಲ್ಲ ಕಾಲೇಜುಗಳಿಗೂ ಬರೆದು ತಿಳಿಸಿದವರು ನಾವೇ.

ನಾನು ಅವರಿಗೆ ಸರ್ವರ್, ನೆಟ್‌ವರ್ಕ್, ಲಾಕ್ ಎಂದೆಲ್ಲ ವಿವರಿಸಿದೆ. ದಮಯಂತಿ ಪೂರ್ತಿ ಕೇಳಿದರು. ಆಮೇಲೆ ನನ್ನ ಪರದೆಯ ಕಡೆಗೆ ಗದ್ದ ಎತ್ತಿ, “ಅದೆಲ್ಲ ಬೇಡ ಅಕ್ಕಾ, ಇದರೊಳಗೆ ನನ್ನ ಗಂಡ ಉಂಟಾ ಇಲ್ವಾ, ಅಷ್ಟು ಹೇಳಿ” ಎಂದರು. ಉಂಟು, ಆದರೆ ಈಗ ಕಾಣುವುದಿಲ್ಲ ಎಂದೆ. “ಮದುವೆ ಆದಲ್ಲಿಂದ ಅದೇ ಕತೆ” ಎಂದು ಅವರು ಬೆಂಚಿನ ಮೇಲೆ ಕುಳಿತರು.

ಸಂಜೆಗೆ ಬಿಕರ್ನಕಟ್ಟೆಯಿಂದ ಕಂಪ್ಯೂಟರ್ ರಿಪೇರಿಯ ಹಿತೇಶ್ ಬಂದರು. ತಮ್ಮ ಸರ್ವರಿನ ಮುಂದೆ ಕುಳಿತು ಯಾವುದೋ ಪಟ್ಟಿ ತೆರೆದು, ತಮ್ಮನ್ನು ಹಿಡಿದುಕೊಂಡಿರುವ ಅಡ್ಮಿನ್ ಯಾವ ಕಂಪ್ಯೂಟರಿನಲ್ಲಿದ್ದಾರೆಂದು ಒಂದೇ ನಿಮಿಷದಲ್ಲಿ ಕಂಡುಹಿಡಿದು, ಬೀಗ ಹಾಕಿದ ಕೋಣೆಯ ಕಡೆಗೆ ಬೆರಳು ತೋರಿಸಿದರು. ಬಾಗಿಲ ಸಂದಿಯಿಂದ ನೋಡಿದರೆ ಮಾಲೆಯ ಹಿಂದೆ ಪರದೆ ಬೆಳಗುತ್ತಿತ್ತು. ಶ್ರೀಯ ಪಕ್ಕದಲ್ಲಿ ಕರ್ಸರ್ ಕಣ್ಣು ಮಿಟುಕಿಸುತ್ತ ಇಡೀ ಸಂಘವನ್ನು ಕಾಯುತ್ತಿತ್ತು. ಶ್ರೀ ಬರೆಯುವುದು ಕೆಲಸ ಶುರುವಾಗಲಿ ಎಂದು. ಅದನ್ನು ಬರೆದು ಕೆಲಸಕ್ಕೇ ಬೀಗ ಹಾಕಿ ಊರಿಗೆ ಹೋಗುವ ಪದ್ಧತಿ ಯಾವ ಶಾಸ್ತ್ರದಲ್ಲಿದೆಯೆಂದು ತಮ್ಮ ಅಪಾರ ಸಂಗ್ರಹದಲ್ಲಿ ಹುಡುಕಿ ತಿಳಿಸಿದರೆ ಉಪಕಾರವಾಗುತ್ತದೆ. ನಮ್ಮ ಮನೆಯಲ್ಲಿ ಅಜ್ಜ ಗದ್ದೆಯ ನೊಗಕ್ಕೆ ಪೂಜೆ ಮಾಡುತ್ತಿದ್ದರು. ಆದರೆ ಎತ್ತುಗಳನ್ನು ನೊಗಕ್ಕೆ ಕಟ್ಟಿಯೇ ಬಿಟ್ಟು ಹೋದದ್ದಿಲ್ಲ.

ಕರೆಂಟು ಹೋದರೆ ಆ ಕಂಪ್ಯೂಟರ್ ಆರುತ್ತದೆ, ತಾವು ಬಿಡುಗಡೆಯಾಗುತ್ತೀರಿ ಎಂದು ಹಿತೇಶ್ ಹೇಳಿದ ಮೇಲೆ ನಾವೆಲ್ಲ ಮನಸ್ಸಿನಲ್ಲೇ ಕರೆಂಟು ಹೋಗಲೆಂದು ಹಾರೈಸಿದೆವು. ಎರಡು ಮೋಡ ಕಂಡರೆ ಕತ್ತಲಾಗುವ ನಮ್ಮ ಬೀದಿಯಲ್ಲಿ ಅಂದು ದೀಪ ಒಮ್ಮೆಯೂ ಮಿಣುಕಲಿಲ್ಲ. ಹೋಗಿದ್ದರೂ ಪ್ರಯೋಜನವಿರುತ್ತಿರಲಿಲ್ಲ. ಎಷ್ಟೋ ಅರ್ಜಿಗಳ ನಂತರ ಕಚೇರಿಗೆ ಬಂದ ಒಂದೇ ಒಳ್ಳೆಯ ಬ್ಯಾಟರಿಯನ್ನು ಅಧ್ಯಕ್ಷರ ಕೋಣೆಯಲ್ಲೇ ಇಡಲಾಗಿದೆ.

ಶನಿವಾರ ಬೆಳಿಗ್ಗೆ ಹಿತೇಶ್ ಮತ್ತೆ ಬಂದಾಗ ದಮಯಂತಿ ಮತ್ತು ವಿಜೇತಾ ಅವರಿಗಿಂತ ಮೊದಲೇ ಬಂದಿದ್ದರು. ಸರ್ವರಿನಲ್ಲಿ ಆ ಸಾಲಿನ ಮೇಲೆ ಒತ್ತಿ ‘ಮುಚ್ಚು’ ಎಂದರೆ ಸಾಕು, ಕೋಣೆಯ ಬೀಗ ತೆಗೆಯುವುದೂ ಬೇಡ, ಆಯುಧ ಮುಟ್ಟುವುದೂ ಬೇಡ, ತಾವು ಎಲ್ಲರಿಗೂ ತೆರೆದುಕೊಳ್ಳುತ್ತೀರಿ ಎಂದು ಅವರು ಹೇಳಿದರು. “ಒಂದು ಕ್ಲಿಕ್ ಅಷ್ಟೇ. ಆದ್ರೆ ಉಳಿಸದೆ ಬಿಟ್ಟದ್ದು ಹೋಗ್ತದೆ. ಡೇಟಾ ಹೋಗುವುದಿದ್ರೆ ಕಸ್ಟಮರೇ ಒತ್ತಬೇಕು ಅಂತ ನಮ್ಮಲ್ಲಿ ರೂಲ್ ಉಂಟು.” ಎಂತ ಡೇಟಾ ಹೋಗ್ತದೆ ಎಂದು ಮ್ಯಾನೇಜರರು ಕೇಳಿದರು. “ಒಂದು ಅಕ್ಷರ” ಎಂದು ಹಿತೇಶ್ ಕುರ್ಚಿ ಬಿಟ್ಟು ಎದ್ದರು.

ಆ ಖಾಲಿ ಕುರ್ಚಿಯ ಸುತ್ತ ನಡೆದದ್ದನ್ನು ತಾವು ಒಳಗಿನಿಂದ ನೋಡಿರಲಾರಿರಿ, ಆದ್ದರಿಂದ ವಿವರವಾಗಿ ಬರೆಯುತ್ತೇನೆ. ಮ್ಯಾನೇಜರರು ಮುಂಬಯಿಗೆ ಫೋನು ಮಾಡಿದರು. ತಾನು ಬಂದು ಎಂಟರ್ ಒತ್ತುವವರೆಗೆ ಯಾರೂ ಎಂತದೂ ಮಾಡಬಾರದು, ಶ್ರೀ ಅಳಿಸಿದ ಪಾಪ ಸಂಘಕ್ಕೆ ಬೇಡ ಎಂದು ಅಧ್ಯಕ್ಷರು ಹೇಳಿದರು. ಒಂದು ಹುಡುಗಿಯ ಸೀಟು ಉಂಟು ಸರ್ ಎಂದರೆ, ಸೋಮವಾರ ಮೊದಲ ಪತ್ರ ಅವಳದ್ದೇ ಎಂದು ಮಾತು ಕೊಟ್ಟರು. ಫೋನಿಟ್ಟ ಮ್ಯಾನೇಜರರು, “ನಾನು ಒತ್ತಿದ್ರೆ ಅದು ಕಚೇರಿಯ ನಿರ್ಧಾರ ಆಗ್ತದೆ. ನೀವು ಯಾರಾದ್ರೂ ಒತ್ತಿದ್ರೆ ಕೈತಪ್ಪು ಆಗ್ತದೆ, ನೋಡಿ” ಎಂದು ನಮಗೆ ದಾರಿ ಬಿಟ್ಟು ತಾನು ಪಕ್ಕಕ್ಕೆ ಸರಿದು ನಿಂತರು.

ಪಿಯುಸ್ ಕುರ್ಚಿಯ ಹಿಂಬದಿಯನ್ನು ಹಿಡಿದರು, ಬಿಟ್ಟರು. “ನಾನು ಒತ್ತಿದ್ರೆ ಪಿಯುಸ್ ಶ್ರೀ ಅಳಿಸಿದ ಅಂತ ಸಂಜೆಯೊಳಗೆ ಎಲ್ಲರ ಮೊಬೈಲಿಗೆ ಬರ್ತದೆ.”

“ನಿನ್ನದು ಮೊಬೈಲಿಗೆ ಬರ್ತದೆ ಮಾರಾಯ, ನನ್ನದು ಟೀವಿಗೆ ಹೋಗ್ತದೆ” ಎಂದರು ಸಮದ್. ಇಬ್ಬರೂ ನಕ್ಕರು, ಯಾರೂ ಕುಳಿತುಕೊಳ್ಳಲಿಲ್ಲ. ಅವರಲ್ಲಿ ಅಳುಕಿತ್ತೇ ಎಂದು ಕೇಳುವವರು ನಮ್ಮ ಊರಿನ ಕಳೆದ ಕೆಲವು ವರ್ಷಗಳ ಪತ್ರಿಕೆಗಳನ್ನು ಓದಿಲ್ಲವೆಂದು ತಿಳಿಯಬೇಕು.

ದಮಯಂತಿ ಬೆಂಚಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಸ್ವರ ಏರಿಸದೆ ಹೇಳಿದರು: “ಇಪ್ಪತ್ತು ವರ್ಷ ಕಡಲಿಗೆ ಹೋದವನಿಗೆ, ಕಡಲಿಗೆ ಹೋದದ್ದಕ್ಕೆ ಸಾಕ್ಷಿ ಬೇಕಂತೆ. ಆ ಸಾಕ್ಷಿಗೆ ಕುಂಕುಮ ಹಚ್ಚಿ ಒಳಗೆ ಕೂರಿಸಿದ್ದೀರಿ. ನಾವು ಸಹ ದೋಣಿಗೆ ಪೂಜೆ ಮಾಡ್ತೇವೆ. ಮಾಡಿ ನೀರಿಗೆ ಇಳಿಸ್ತೇವೆ.”

ವಿಜೇತಾ ಅಷ್ಟರಲ್ಲಿ ಕೌಂಟರಿನ ಮೇಲಿದ್ದ ತನ್ನ ಅಂಕಪಟ್ಟಿಗಳನ್ನು ಒಂದೊಂದಾಗಿ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕತೊಡಗಿದ್ದಳು. “ಹೋಗುವ ಅಮ್ಮ. ಬರುವ ವರ್ಷ ನೋಡುವ” ಎಂದಳು. “ಬರುವ ವರ್ಷದೊಳಗೆ ನೀನು ಬುಟ್ಟಿ ಹಿಡಿದು ನನ್ನ ಪಕ್ಕದಲ್ಲಿ ಕೂತರೆ ಮತ್ತೆ ಏಳುವುದುಂಟಾ?” ಎಂದು ತಾಯಿ ಕೇಳಿದರು. ಅದು ಮಗಳಿಗೆ ಕೇಳಿದ ಪ್ರಶ್ನೆ. ಉತ್ತರ ಕೊಡಬೇಕಾದವರು ನಾವು ನಾಲ್ವರು.

ಮಾನ್ಯರೇ, ಕುರ್ಚಿಯಲ್ಲಿ ಕುಳಿತು ‘ಮುಚ್ಚು’ ಎಂಬುದನ್ನು ಒತ್ತಿದವಳು ನಾನು. ತಾವು ತೆರೆದುಕೊಂಡಿರಿ, ಯಾದವ ಅವರು ತಮ್ಮೊಳಗೆ ಕ್ಷೇಮವಾಗಿದ್ದರು, ತಾವು ಸಂಖ್ಯೆ ಕೊಟ್ಟಿರಿ. ಪ್ರಿಂಟ್ ಬಂದ ಮೇಲೆ ಸಹಿ ಹಾಕಲು ಮ್ಯಾನೇಜರರಿಗೆ ಪೆನ್ನು ಕೂಡಲೇ ಸಿಕ್ಕಿತು. ಸಮದ್ ಅವರು ತಾಯಿ ಮಗಳನ್ನು ರಿಕ್ಷಾಕ್ಕೆ ಹತ್ತಿಸಿದರು. ಗಡುವಿಗೆ ಮೊದಲೇ ಪತ್ರ ಕಾಲೇಜು ತಲುಪಿತು. ಸಂಘದಿಂದ ದೃಢೀಕರಣ ಬರುವವರೆಗೆ ಸೀಟು ತಾತ್ಕಾಲಿಕ ಎಂದು ಬರೆದುಕೊಟ್ಟರು. ದೃಢೀಕರಣವೆಂದರೆ ಒಂದು ಸಾಲಿನ ಉತ್ತರ, ಪ್ರತಿ ವರ್ಷ ನಾವು ಕಳುಹಿಸುವಂಥದ್ದೇ.

ಸೋಮವಾರ ಅಧ್ಯಕ್ಷರು ಮರಳಿ, ಕಾಯಿ ಒಡೆದು, ಎಂಟರ್ ಒತ್ತಿದರು. ಸಂಪರ್ಕ ತಪ್ಪಿದೆ ಎಂದು ತಾವು ವಿನಯದಿಂದ ಉತ್ತರಿಸಿದಿರಿ. ಶ್ರೀ ಇದ್ದ ಜಾಗದಲ್ಲಿ ಅವರ ಹೆಸರು ಎಂದಿನಂತೆ ಬೋಳಾಗಿತ್ತು. ಯಾರು ಮಾಡಿದ್ದು ಎಂದು ಸರ್ವರನ್ನು ಕೇಳಿದರು. ಅಡ್ಮಿನ್ ಎಂದಿತು. ಬರೆದವರು ಯಾರು ಎಂದು ಕೇಳಿದರೂ ಅದೇ ಉತ್ತರ ಬಂತು. ಮಂಡಳಿ ಸಂಜೆ ಸೇರಿ, ‘ಪೂಜೆಯ ಬಗ್ಗೆ ಶ್ರದ್ಧೆ ಇಲ್ಲದಿರಬಹುದಾದ ಸಿಬ್ಬಂದಿ’ಯಿಂದ ವಿವರಣೆ ಪಡೆಯುವುದೆಂದು ನಿರ್ಣಯಿಸಿತು. ತೋರಣ ಕಟ್ಟಿದವರಿಗೂ ಮಾಲೆ ತಂದವರಿಗೂ ನೋಟೀಸು ಹೋಯಿತು. ಅಕ್ರಮವಾಗಿ ತೆರೆದ ಡೇಟಾಬೇಸಿನಿಂದ ಹೊರಟ ಪತ್ರವನ್ನು, ತೆರೆದವರು ಯಾರೆಂದು ತೀರ್ಮಾನವಾಗುವವರೆಗೆ ದೃಢೀಕರಿಸುವಂತಿಲ್ಲ ಎಂಬುದು ಅದೇ ನಿರ್ಣಯದ ಕೊನೆಯ ಸಾಲು. ವಿಜೇತಾಳ ಸೀಟು ಆ ಸಾಲಿನಲ್ಲಿ ನಿಂತಿದೆ.

ಒತ್ತಿದವಳು ನಾನೆಂದು ಮ್ಯಾನೇಜರರಿಗೆ ಹೇಳಬೇಕಾಗಿರಲಿಲ್ಲ, ಅವರು ಪಕ್ಕದಲ್ಲೇ ನಿಂತಿದ್ದರು. ಆದರೂ ಸೋಮವಾರ ಸಂಜೆ ಹೇಳಿದೆ, ಇಂದು ಬೆಳಿಗ್ಗೆ ಮತ್ತೊಮ್ಮೆ ಹೇಳಿದೆ. “ನಿಮ್ಮ ಹೆಸರು ಯಾಕೆ ಸುಮ್ಮನೆ ಭವ್ಯಶ್ರೀ, ಅವರಿಬ್ಬರು ಎಂತಾದ್ರೂ ಬರ್ದು ಕೊಡ್ತಾರೆ, ತಣ್ಣಗಾಗ್ತದೆ” ಎಂದರು. ನನ್ನ ಹೆಸರಿನ ಬಗ್ಗೆ ಅವರಿಗಿರುವ ಈ ಕಾಳಜಿಯನ್ನು ನಾನು ಮರೆಯುವಂತಿಲ್ಲ. ಬಾಯಿಮಾತು ಅವರ ಮೇಜು ದಾಟದೇ ಇರುವುದರಿಂದ, ಓದು ಬಲ್ಲ ಸದಸ್ಯರೆಲ್ಲರೂ ಓದಲೆಂದು ಈ ಪತ್ರವನ್ನು ತಮ್ಮ ಹೆಸರಿನಲ್ಲಿ ಬಹಿರಂಗವಾಗಿ ಬರೆಯಬೇಕಾಯಿತು.

ತಮ್ಮಲ್ಲಿ ನನ್ನ ಕೋರಿಕೆಗಳು ಅತಿ ಸಣ್ಣವು. ಮುಂದಿನ ವರ್ಷ ಪೂಜೆಯ ದಿನ ದಯವಿಟ್ಟು ತಾವೂ ನಮ್ಮಂತೆ ಕೋಣೆಯ ಹೊರಗೆ ನಿಂತು ಪ್ರಸಾದ ತೆಗೆದುಕೊಳ್ಳಿ. ಐವರನ್ನು ಐದು ಹೆಸರಿನಿಂದ ಕರೆಯುವುದನ್ನು ಕಲಿಯಿರಿ, ಅದು ಕಷ್ಟವೆಂದಾದರೆ ಕಡೇ ಪಕ್ಷ ಮಂಡಳಿಗೆ ತಮ್ಮ ಸಮಾನತೆಯನ್ನು ಕಲಿಸಿ. ಐವರು ಅಡ್ಮಿನ್‌ಗಳಲ್ಲಿ ಶ್ರದ್ಧೆ ಯಾರಿಗಿದೆ, ಯಾರಿಗಿಲ್ಲ ಎಂಬುದು ಹೆಸರು ನೋಡಿಯೇ ಗೊತ್ತಾಗುವ ಒಂದು ಕಾಲಂ ತಮ್ಮಲ್ಲಿ ಇಲ್ಲ. ಅದನ್ನು ಸೇರಿಸಬೇಕೆಂದು ಮಂಡಳಿ ಕೇಳಿದರೆ, ಶುಕ್ರವಾರ ನಮಗೆ ಹೇಳಿದ್ದನ್ನೇ ಅವರಿಗೂ ಹೇಳಿ: ಆಮೇಲೆ ಪ್ರಯತ್ನಿಸಿ. ಸಾಧ್ಯವಾದರೆ ಅರಬ್ಬೀ ಸಮುದ್ರಕ್ಕೂ ಒಂದು ಅಡ್ಮಿನ್ ಖಾತೆ ತೆರೆದುಕೊಡಿ. ಯಾದವ ಅವರು ಎಷ್ಟು ವರ್ಷ ದುಡಿದರೆಂದು ಅದಕ್ಕೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು, ಮತ್ತು ಅದು ರಜೆಯಲ್ಲಿ ಬೀಗ ಹಾಕಿ ಹೋಗುವುದಿಲ್ಲ.

ತಾವು ಕರೆದಾಗ ತೆರೆಯುವಿರೆಂದು ಇನ್ನೂ ನಂಬಿಕೊಂಡಿರುವ,
ತಮ್ಮ ವಿಶ್ವಾಸಿ ಅಡ್ಮಿನ್,
ಮನೆಯಲ್ಲಿ ಮತ್ತು ಈ ಪತ್ರದಲ್ಲಿ ಭವ್ಯಶ್ರೀ

ತಾ.ಕ.: ಗೋಡೆಯ ನೋಟೀಸಿನಲ್ಲಿ ಎರಡು ಹೆಸರುಗಳ ಕೆಳಗೆ ಜಾಗ ಉಳಿದಿತ್ತು. ಮಂಡಳಿಯ ಶ್ರದ್ಧೆಯಲ್ಲಿ ಕೊರತೆಯಾಗಬಾರದೆಂದು ಮೂರನೆಯದಾಗಿ ನನ್ನ ಹೆಸರನ್ನು ನಾನೇ ಪೆನ್ನಿನಿಂದ ಬರೆದು, ಅದರ ಮುಂದೆಯೂ ಒಂದು ಶ್ರೀ ಸೇರಿಸಿ, ಪೂರ್ತಿ ಮಾಡಿದ್ದೇನೆ. ವಿಚಾರಣೆ ನಾಳೆ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ಅಧ್ಯಕ್ಷರ ಕೋಣೆಯಲ್ಲಿ. ಕಾಲೇಜಿಗೆ ದೃಢೀಕರಣ ತಲುಪಬೇಕಾದದ್ದು ಅದೇ ದಿನ ಸಂಜೆ ಐದರೊಳಗೆ.